ಪಂಪು ತಾಗದ ಬದನೆ ಗಿಡ

ಬೆಟಗೇರಿಯ ಕಾಂಚನಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಮಷೀನು ಬಿಟ್ಟು ಎದ್ದಾಗಲೆಲ್ಲ ಹಿತ್ತಲಿಗೆ ಹೋಗಿ ಟೊಮ್ಯಾಟೊ, ಹೀರೆ, ಸವತೆಗಳನ್ನು ನೋಡಿ ಬರುವಳು. ಕಾಯಿ ಹೆಚ್ಚಾದರೆ ಪಕ್ಕದ ಮನೆಯ ಯಾಸ್ಮೀನಳಿಗೆ ಕೊಡುವಳು. ಯಾಸ್ಮೀನ ಚೊಚ್ಚಲ ಬಸುರಿ, ಹುಳಿಯೆಂದರೆ ಜೀವ.

ಈ ಸಲ ಎಲೆಗಳ ಅಡಿಯಲ್ಲಿ ಬಿಳಿ ನೊಣ ಕೂತವು. ಸಿಂಗಟಾಲೂರಿನ ತವರಿನಿಂದ ಔಷಧಿ ಹೊಡೆಯುವ ಪಂಪು ತಂದು, ಬೇವಿನೆಣ್ಣೆಗೆ ಸಾಬೂನು ನೀರು ಬೆರೆಸಿ ಸಿಂಪಡಿಸಿದಳು. ನೊಣ ಹೋದವು. ಆದರೆ ಎಳೆಯ ಎಲೆಗಳು ದಾರದಂತೆ ಸಣ್ಣಗಾಗಿ ತಿರುಚಿಕೊಂಡವು. ನೀರು ಹೆಚ್ಚಾಯಿತೇನೋ ಎಂದು ಬುಡ ಕೆದರಿ ನೋಡಿದಳು, ಬೇರು ಗಟ್ಟಿಯಾಗಿತ್ತು. ರೋಗವೆನ್ನಬೇಕೆಂದರೆ ಹೀರೆ, ಸವತೆ ಬಳ್ಳಿಗಳೂ ಒಟ್ಟಿಗೇ ಮುರುಟಿದ್ದವು. ಮೂಲೆಯಲ್ಲಿ, ಪಂಪು ತಾಗದ ಬದನೆ ಮಾತ್ರ ಹಸಿರಾಗಿತ್ತು. ಪಂಪಿನ ಮೇಲೇ ಅನುಮಾನ ಬಂದು ತವರಿನಲ್ಲಿದ್ದ ಅಣ್ಣ ಶಿವಯೋಗಿಗೆ ಫೋನ್ ಮಾಡಿದಳು.

"ಅಣ್ಣಾ, ಆ ಪಂಪಿನ್ಯಾಗ ಮೊದಲ ಏನ್ ಹೊಡದಿದ್ದಿ?"

"ಗೋವಿನಜೋಳದಾಗಿನ ಕಸಾ ಸಾಯೋ ಎಣ್ಣಿ ಹೊಡದಿದ್ನಿ. ಯಾಕ, ಚೊಲೋ ತೊಳದಿಲ್ಲೇನ?"

ಹಿಂದಿನ ದಿನವಷ್ಟೇ ಅವಳು ಯಾಸ್ಮೀನಳಿಗೆ ಬುಟ್ಟಿ ತುಂಬ ಟೊಮ್ಯಾಟೊ ಕೊಟ್ಟಿದ್ದಳು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

"ನಿನ್ನಿ ಕೊಟ್ಟ ಟೊಮ್ಯಾಟೊ ತಿಂದೇನವಾ?"

"ಹಸೇವ ತಿಂದ್ನಿ ಅಕ್ಕಾ. ಭಾಳ ರುಚಿ ಇದ್ವು. ಯಾಕ್ರಿ?"

ಕಾಂಚನಾ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಅಕ್ಕಿ ಆರಿಸುತ್ತಿದ್ದ ಯಾಸ್ಮೀನಳ ಅತ್ತೆ ಮೋತಿಬಿಯ ಕೈ ನಿಂತಿತು.

"ಬಸರ ಹೆಂಗಸಿಗೆ ವಿಷಾ ಕೊಟ್ಟಂಗಾತಲ್ಲ!"

ಆಟೊ ಹಿಡಿದು ಗದಗಿನ ಆಸ್ಪತ್ರೆಗೆ ಹೊರಟರು. ಯಾರೂ ಕರೆಯದಿದ್ದರೂ ಕಾಂಚನಾ ಹತ್ತಿ ಕೂತಳು. ಔಷಧಿಯ ಹೆಸರೇನೆಂದು ಡಾಕ್ಟರು ಕೇಳಿದಾಗ ಫೋನಿನಲ್ಲೇ ಅಣ್ಣನಿಂದ ಬಾಟಲಿ ಮೇಲಿನ ಚೀಟಿ ಓದಿಸಿದಳು. ಅವರು ಪರೀಕ್ಷೆ ಮಾಡಿ, "ಹೊಟ್ಟಿಗೆ ಹೋಗಿದ್ದು ಭಾಳ ಸಣ್ಣ ಪ್ರಮಾಣ. ಕೂಸಿನ ಎದಿಬಡಿತ ಚೊಲೋ ಐತಿ. ವಾಂತಿ, ಹೊಟ್ಟಿನೋವು ಬಂದ್ರ ಮಾತ್ರ ಜಲ್ದಿ ಬರ್ರಿ" ಎಂದರು.

ಕಾಂಚನಾಳ ಅಂಜಿಕೆ ಅಷ್ಟಕ್ಕೆ ಹೋಗಲಿಲ್ಲ. ಬಳ್ಳಿ, ಗಿಡಗಳನ್ನೆಲ್ಲ ಕಿತ್ತಳು, ಆಡಿಗೂ ಹಾಕಲಿಲ್ಲ. ಗೋಡೆಯಾಚೆ ಯಾಸ್ಮೀನ ಕೆಮ್ಮಿದರೂ ಇವಳ ಮಷೀನು ನಿಲ್ಲುತ್ತಿತ್ತು. ಮೋತಿಬಿ ಮಾತು ಬಿಟ್ಟಿದ್ದಳು.

ಮಳೆಗಾಲದಲ್ಲಿ ಯಾಸ್ಮೀನ ಹೆಣ್ಣುಕೂಸು ಹಡೆದಳು. ಮೋತಿಬಿಯೇ ಬಾಗಿಲಿಗೆ ಬಂದಳು.

"ಬಾರವಾ, ಕೂಸಿನ ಮಾರಿ ನೋಡ ಬಾ."

ಕಾಂಚನಾ ಮುಖ ನೋಡಲಿಲ್ಲ. ಬಟ್ಟೆ ಸರಿಸಿ ಕೈಬೆರಳು, ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಹಾಸಿಗೆಯಲ್ಲಿ ಮಲಗಿದ್ದ ಯಾಸ್ಮೀನ ಅವಳನ್ನೇ ನೋಡುತ್ತಿದ್ದಳು.

"ಎಲ್ಲಾ ಬರೋಬ್ಬರಿ ಅದಾವ ಅಕ್ಕಾ" ಎಂದಳು ಮೆಲ್ಲಗೆ. "ನಾನೂ ಮೊದಲ ಅದನ್ನ ನೋಡಿದ್ನಿ."