ನಮ್ಮ ಗುಂಪಿನ ರಕ್ತ

ಚೊಚ್ಚಲ ಹೆರಿಗೆಯಲ್ಲಿ ನನಗೆ ರಕ್ತಸ್ರಾವ ನಿಲ್ಲಲಿಲ್ಲ. ಕಂಪ್ಲಿಯಿಂದ ನಮ್ಮ ರೈಸ್ ಮಿಲ್ಲಿನ ಜೀಪಿನಲ್ಲಿ ಹೊಸಪೇಟೆಯ ಆಸ್ಪತ್ರೆಗೆ ತಂದು ಹಾಕಿದರು. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿತ್ತು.

“ರಕ್ತ ಕೊಡಬೇಕ್ರಿ. ಯಾವ ಗುಂಪಿಂದು ಅಂತ ಮೊದ್ಲು ನೋಡಬೇಕು,” ಎಂದರು ಡಾಕ್ಟರು.

“ನೋಡೋದೇನ್ರಿ? ನಮ್ಮ ಗುಂಪಿಂದ ಹಾಕ್ರಿ. ಬ್ಯಾರೆ ಗುಂಪಿಂದು ಬ್ಯಾಡ,” ಎಂದರು ಮಾವ.

“ಬ್ಯಾರೆ ಗುಂಪಿಂದು ಹಾಕಿದ್ರ ಜೀವಕ್ಕ ಅಪಾಯ್ರಿ.”

ಡಾಕ್ಟರೂ ಜಾತಿ ನೋಡುವವರೆಂದು ಮಾವನಿಗೆ ಬಹಳ ಸಮಾಧಾನವಾಯಿತು.

ಪರೀಕ್ಷೆ ಮಾಡಿದರೆ ಗಂಡನ ಮನೆಯ ಯಾರದೂ ಹೊಂದಲಿಲ್ಲ. ಹೊಂದಿದ್ದು, ನನ್ನನ್ನು ನೋಡಿಕೊಳ್ಳಲು ಜೊತೆಗೆ ಬಂದಿದ್ದ, ಮಿಲ್ಲಿನಲ್ಲಿ ನುಚ್ಚು ಕೇರುವ ಹೆಂಗಸಿನದು. ನಮ್ಮ ಮನೆಯ ಹೊಸ್ತಿಲು ದಾಟಲು ಅವಳಿಗೆ ಅಪ್ಪಣೆ ಇರಲಿಲ್ಲ. ಅವಳು ತೋಳು ಚಾಚಿದಳು, ನಾನು ಬದುಕಿದೆ.

ಮನೆಗೆ ಬಂದ ಮೇಲೆ ಅತ್ತೆ ನನ್ನ ತಟ್ಟೆ, ಚೊಂಬು ಬೇರೆ ಇಟ್ಟರು. ಬಾಣಂತನ ಮುಗಿದರೂ ದೇವರ ಕೋಣೆಗೆ ಬಿಡಲಿಲ್ಲ. “ನಿನ್ನ ಮೈಯಾಗ ಆಕಿ ರಕ್ತ ಐತೆವ್ವ,” ಎನ್ನುತ್ತಿದ್ದರು. ಅದೇ ಮೈಯ ಹಾಲು ಮಾತ್ರ ಅವರ ಮೊಮ್ಮಗನಿಗೆ ನಡೆಯುತ್ತಿತ್ತು.

ಎಷ್ಟೋ ವರ್ಷದ ಮೇಲೆ ಅತ್ತೆಗೆ ಗರ್ಭಕೋಶದ ಆಪರೇಷನ್ ಆಯಿತು. ಅಷ್ಟರಲ್ಲಿ ಬ್ಲಡ್ ಬ್ಯಾಂಕ್ ಬಂದಿತ್ತು. ಫ್ರಿಜ್ಜಿನಿಂದ ತಂದ ಚೀಲದ ಮೇಲೆ ರಕ್ತದ ಗುಂಪು ಬರೆದಿತ್ತು, ಕೊಟ್ಟವರ ಹೆಸರಿರಲಿಲ್ಲ. ಯಾರದೆಂದು ಮಾವ ಕೇಳಲಿಲ್ಲ. ವಿಜ್ಞಾನ ಮುಂದುವರಿದಿದೆ ಎನ್ನುತ್ತಾರೆ. ನಮ್ಮ ಮನೆಗೆ ಅದು ಮಾಡಿದ ಉಪಕಾರ ಇಷ್ಟೇ.

ಆಸ್ಪತ್ರೆಯಿಂದ ಬಂದ ಅತ್ತೆ ಸ್ನಾನ ಮಾಡಿ ನೆಟ್ಟಗೆ ದೇವರ ಕೋಣೆಗೆ ಹೋದರು. ನಾನು ಇನ್ನೂ ಹೊಸ್ತಿಲ ಹೊರಗೇ ಇದ್ದೆ.