ಅಲ್ಲಾಡಬೇಡಿ ಮಾವನ ಚಿಟ್ಟೆಗಳು

ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಲೇ ತಲೆ ನರೆಸಿಕೊಂಡ ಸ್ಟುಡಿಯೋ ಮಾಲೀಕರನ್ನು ಊರೆಲ್ಲ ಕರೆಯುವುದು ‘ಅಲ್ಲಾಡಬೇಡಿ ಮಾವ’ ಎಂದು. ಹೀಗಾಗಿ ಅವರ ಹೆಂಡತಿ ಎಲ್ಲರಿಗೂ ಅತ್ತೆ. ವಸಂತ ಬಂದರೆ ಸಾಕು, ಅಂಗಡಿಗೆ ಬೀಗ ಜಡಿದು, ಅತ್ತೆಯನ್ನು ಹೊರಡಿಸಿಕೊಂಡು, ಊರಾಚೆಯ ಹೊಲಗಳಿಗೆ ಚಿಟ್ಟೆ ಹಿಡಿಯಲು ಹೋಗುತ್ತಾರೆ, ಕ್ಯಾಮೆರಾದಲ್ಲಿ. ಹಿಂದೆ ಬಿಳಿ ಪರದೆ ಇಲ್ಲದ್ದು ಅವರ ಲೆಕ್ಕದಲ್ಲಿ ಫೋಟೋವೇ ಅಲ್ಲ. ಹೂಗಿಡದ ಹಿಂದೆ ಸ್ಟುಡಿಯೋದ ಪರದೆಯನ್ನು ಎತ್ತಿ ಹಿಡಿದು ನಿಲ್ಲುವ ಕೆಲಸ ಅತ್ತೆಯದು. ಮಾವ ಮಣ್ಣಿನಲ್ಲಿ ಬೋರಲು ಮಲಗಿ, “ಗದ್ದ ಸ್ವಲ್ಪ ಮೇಲೆ... ರೆಕ್ಕೆ ಎರಡೂ ಕಾಣ್ಬೇಕು... ಅಲ್ಲಾಡಬೇಡಿ” ಎಂದು ಚಿಟ್ಟೆಗೂ ಬಹುವಚನವನ್ನೇ ಕೊಡುತ್ತಾರೆ. ಅದು ಅಲ್ಲಾಡುತ್ತದೆ. “ಮನೇಲೇ ನಿಮ್ಮ ಮಾತು ನಡೆಯಲ್ಲ, ಬಯಲಲ್ಲಿ ನಡೆಯುತ್ತೇನ್ರೀ?” ಎಂದು ಅತ್ತೆ ಪರದೆಯ ಮೇಲಿಂದ ನಗುತ್ತಾರೆ. ಕ್ಯಾಮೆರಾಕ್ಕೂ ಅಭ್ಯಾಸಬಲ, ಮುಖ ಕಂಡರೆ ಅದನ್ನೇ ಹಿಡಿಯುತ್ತದೆ. ಹಾಗಾಗಿ ಸ್ಟುಡಿಯೋದ ಗೋಡೆ ತುಂಬ ಇರುವ ಚಿತ್ರಗಳಲ್ಲಿ ಚಿಟ್ಟೆಯೆಂದರೆ ಒಂದು ಹಳದಿ ಮಸುಕು. ಅತ್ತೆಯ ನಗು ಮಾತ್ರ ಕೆನ್ನೆಯ ಮಚ್ಚೆ ಸಮೇತ ಸ್ಪಷ್ಟ. “ಮತ್ತೆ ನೀನೇ ಬಿದ್ದಿದ್ದೀಯಲ್ಲೇ!” ಎಂದು ಮಾವ ಪ್ರತಿ ಸಲ ಹಣೆ ಚಚ್ಚಿಕೊಳ್ಳುತ್ತಾರೆ, ಪ್ರತಿ ಸಲ ಆ ಫೋಟೋಗೆ ಕಟ್ಟು ಹಾಕಿಸುತ್ತಾರೆ. ಈ ವರ್ಷ ಮಂಡಿನೋವೆಂದು ಅತ್ತೆ ಹೊರಡಲಿಲ್ಲ. ಮಾವ ಪರದೆಯನ್ನು ಎರಡು ಕೋಲಿಗೆ ಕಟ್ಟಿದರು. ಚಿಟ್ಟೆಯೊಂದು ಬಂದು, ರೆಕ್ಕೆ ಬಿಚ್ಚಿ, ಇವರು “ಸಾಕು, ಏಳಿ” ಅನ್ನುವವರೆಗೂ ಕದಲದೆ ಕೂತಿತು. ಮನೆಗೆ ಬಂದು ಕ್ಯಾಮೆರಾದಲ್ಲೇ ಆ ಫೋಟೋ ತೋರಿಸಿದಾಗ ಅತ್ತೆ ಮಂಚದ ಮೇಲೆ ಎದ್ದು ಕೂತು, “ಅಂತೂ ಬಂತಲ್ರೀ! ಚುಕ್ಕಿ ಚುಕ್ಕಿನೂ ಕಾಣುತ್ತೆ” ಎಂದರು. ಮಾವ ಕನ್ನಡಕ ಏರಿಸಿ, ಫೋಟೋದಲ್ಲಿನ ಬಿಳಿ ಪರದೆಯ ಮೇಲಂಚನ್ನೇ ಬಹಳ ಹೊತ್ತು ನೋಡಿದರು. “ಎಲ್ಲಿ ಬಂತು? ಮೇಲೆಲ್ಲ ಬಿಕೋ ಅಂತಿದೆ” ಎಂದು ಅದನ್ನು ಅಳಿಸಿಹಾಕಿದರು. “ನಿನ್ನ ಮಂಡಿ ನೆಟ್ಟಗಾಗ್ಲಿ, ಇನ್ನೊಂದು ಸಲ ತೆಗೆದ್ರಾಯ್ತು.”