ಲೇಸರಿಗೆ ಅಡ್ಡ ನಿಂತ ಚಂದ್ರಿ

ತಿಕೋಟಾದ ಎಮ್ಮೆ ಕೊಟ್ಟಿಗೆ. ಎದುರು ತುದಿಯ ಕನ್ನಡಿಗೆ ಲೇಸರ್ ಹಾಯಿಸಿ, ಎಮ್ಮೆಗಳು ತೇಗಿ ಬಿಡುವ ಮೀಥೇನ್ ಅಳೆಯಲು ಸಂಶೋಧಕಿ ರುಖಸಾನಾ ಸಜ್ಜಾಗಿದ್ದರು. ಅದೇ ಗಳಿಗೆಗೆ ಉಪಗ್ರಹವೂ ಮೇಲಿಂದ ಅಳೆಯಬೇಕು.

"ಎರಡ ನಿಮಿಷದಾಗ ಉಪಗ್ರಹ ಬರತೈತ್ರಿ, ಈ ಚಂದ್ರಿ ಕನ್ನಡಿಗೆ ಅಡ್ಡ ನಿಂತೈತಿ! ಇವತ್ತ ತಪ್ಪಿದ್ರ ಮತ್ತ ವಾರಗಟ್ಟಲೆ ಕಾಯಬೇಕು!" ರುಖಸಾನಾ ಚಡಪಡಿಸಿದರು.

ತಳ್ಳಿದರೂ ಎಮ್ಮೆ ಕದಲಲಿಲ್ಲ. ಅವರ ಯಂತ್ರ ಹೊತ್ತು ತಂದಿದ್ದ ನಾನು ಕಂಡವರ ದನಿ ಕದಿಯುವ ಮಿಮಿಕ್ರಿಯವ, ಸುಮ್ಮನಿರುವೆನೇ? ಮುಂಜಾನೆ ಒಡತಿ ನೀಲವ್ವ ಕರೆದಂತೆಯೇ ರಾಗ ಎಳೆದೆ: "ಬಾರೇ ಚಂದ್ರೀ, ಬಾ ನನ್ನವ್ವಾ!"

ಚಂದ್ರಿ ನೇರ ನನ್ನ ಬಳಿ ಬಂತು. ಕನ್ನಡಿ ತೆರವಾಗಿ, ಯಂತ್ರದ ಪರದೆಯಲ್ಲಿ ಮೀಥೇನಿನ ಗೆರೆ ಮೂಡಿತು. "ಬಂತ್ರೀ, ಬಂತು!" ರುಖಸಾನಾ ಕುಣಿದರು, ನಾನೂ ಕುಣಿದೆ.

ನೀಲವ್ವ ಓಡಿ ಬಂದಳು. "ಲೇ ಹುಚ್ಚಾ, ಅದು ಹಿಂಡಾಕ ಕರಿಯೋ ದನಿ! ಎಮ್ಮಿ ಕೆಚ್ಚಲಿಗೆ ಹಾಲ ಇಳಿಸೇತಿ, ಈಗ ಹಿಂಡಾಕ ಬೇಕು. ಕರದಾಂವ ನೀನ, ಹಿಂಡಾಂವನೂ ನೀನ!"

ಹಾಲಿನ ಚರಿಗೆ ಹಿಡಿದು ಕೂತೆ. ನೀಲವ್ವನ ದನಿಯೇನೋ ನನಗೆ ಬಂದಿತ್ತು, ಕೈ ಬರಬೇಕಲ್ಲ! ಚಂದ್ರಿ ಒದೆಯಿತು.